ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ಆನ್ ಮಾಡಬೇಡಿ

ಹಳೆಯ ಫಿಲಿಪ್ಸ್ ವಾಲ್ವ್ ರೇಡಿಯೋಗಳಲ್ಲಿ ಹಲವಕ್ಕೆ ದನಿ ಕೊಟ್ಟದ್ದು ಇಎಲ್84 ಎಂಬ ಬೆರಳುದ್ದದ ವಾಲ್ವ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಗಾಜಿನ ಕೊಳವೆ. ಗಿಟಾರ್ ನುಡಿಸುವವರ ವಾಕ್ಸ್ ಎಸಿ30 ಆಂಪ್ಲಿಫೈಯರ್‌ನಲ್ಲೂ ಇವೇ ನಾಲ್ಕು ಇರುತ್ತವೆ. ಇದು ವೋಲ್ಟೇಜನ್ನು ಧಾರಾಳವಾಗಿ ಕೊಡುತ್ತದೆ. ಕರೆಂಟ್ ವಿಷಯದಲ್ಲಿ ಮಾತ್ರ ಕೈ ಬಿಗಿ. 250 ವೋಲ್ಟ್, 48 ಮಿಲಿಆಂಪ್‌ನಲ್ಲಿ ಓಡುವ ಒಂದೇ ಇಎಲ್84, ಎದುರಿಗೆ ಸುಮಾರು 5200 ಓಮ್ ತಡೆ ಇದ್ದರೆ 5.7 ವ್ಯಾಟ್ ಕೊಡುತ್ತದೆ.

ಆದರೆ ಸ್ಪೀಕರ್ ಇರುವುದು 8 ಓಮ್. 5.7 ವ್ಯಾಟ್ ಕೊಡುವಾಗ ವಾಲ್ವ್‌ನಿಂದ ಬರುವ ಸಿಗ್ನಲ್ ಕರೆಂಟ್ ಬರೀ 33 ಮಿಲಿಆಂಪ್. ಅಷ್ಟನ್ನೇ ನೇರವಾಗಿ 8 ಓಮ್‌ಗೆ ಹರಿಸಿದರೆ ಸಿಗುವುದು 9 ಮಿಲಿವ್ಯಾಟ್!

ಅದಕ್ಕೇ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು. ವಾಲ್ವ್ ಕಡೆಯ ಸುರುಳಿಯಾದ ಪ್ರೈಮರಿಯ ಸುತ್ತುಗಳು ಸ್ಪೀಕರ್ ಕಡೆಯ ಸೆಕೆಂಡರಿಯ 25.5 ಪಟ್ಟು ಇದ್ದರೆ, 172 ವೋಲ್ಟ್ ಇಳಿದು 6.7 ವೋಲ್ಟ್ ಆಗುತ್ತದೆ, 33 ಮಿಲಿಆಂಪ್ ಏರಿ 0.84 ಆಂಪ್ ಆಗುತ್ತದೆ. ಒಂದು ಇಳಿಯಿತು, ಇನ್ನೊಂದು ಅಷ್ಟೇ ಪಟ್ಟು ಏರಿತು. ಹಾಗಾಗಿ ಓಮ್ ಲೆಕ್ಕದಲ್ಲಿ ಆಗುವ ಬದಲಾವಣೆ 25.5ರ ವರ್ಗ, ಅಂದರೆ 650 ಪಟ್ಟು. 8ನ್ನು 650ರಿಂದ ಗುಣಿಸಿ, 5200 ಬಂತು ಅಲ್ವಾ?

ತುಂಬ ಜನ ತಪ್ಪು ತಿಳಿಯುವುದು ಇಲ್ಲೇ. ಆ 5200 ಓಮ್ ಟ್ರಾನ್ಸ್‌ಫಾರ್ಮರ್ ಒಳಗೆ ಇಲ್ಲ. ಮೀಟರ್ ಹಿಡಿದು ಪ್ರೈಮರಿ ಅಳೆದರೆ ಕೆಲವು ನೂರು ಓಮ್ ತೋರಿಸುತ್ತದೆ, ಅದು ತಂತಿಯದ್ದು. 5200 ಬರುವುದು ಸ್ಪೀಕರ್‌ನಿಂದ. ಅದೇ ಜಾಗಕ್ಕೆ 4 ಓಮ್ ಸ್ಪೀಕರ್ ಹಾಕಿದರೆ ವಾಲ್ವ್‌ಗೆ ಕಾಣುವುದು 2600, 16 ಹಾಕಿದರೆ 10400. ಎರಡರಲ್ಲೂ ಪವರ್ ಕಡಿಮೆಯಾಗುತ್ತದೆ, ಸ್ವರವೂ ಬದಲಾಗುತ್ತದೆ. ಸೆಕೆಂಡರಿಯಿಂದ 4, 8, 16 ಓಮ್ ಎಂದು ಬೇರೆ ಬೇರೆ ಟ್ಯಾಪ್ (ಬೇರೆ ಬೇರೆ ಸುತ್ತಿನಲ್ಲಿ ಹೊರತೆಗೆದ ತಂತಿ) ಕೊಡುವುದು ಇದಕ್ಕೇ. ಎರಡು 8 ಓಮ್ ಸ್ಪೀಕರ್ ಪ್ಯಾರಲಲ್ ಆದರೆ 4ರ ಟ್ಯಾಪ್, ಸೀರೀಸ್ ಆದರೆ 16ರದ್ದು. 1959ರ ಫೆಂಡರ್ ಬಾಸ್‌ಮನ್‌ನಲ್ಲಿ ನಾಲ್ಕು 8 ಓಮ್ ಸ್ಪೀಕರ್ ಪ್ಯಾರಲಲ್, ಹಾಗಾಗಿ ಅದರ ಟ್ರಾನ್ಸ್‌ಫಾರ್ಮರ್ 2 ಓಮ್‌ಗೆ ಸುತ್ತಿದ್ದು.

ಈ 8 ಎನ್ನುವುದೂ ಒಂದು ಅಂದಾಜೇ. ಅದೇ ಸ್ಪೀಕರ್‌ಗೆ ಮೀಟರ್ ಹಿಡಿದರೆ ಆರು ಚಿಲ್ಲರೆ ಓಮ್ ತೋರಿಸುತ್ತದೆ. ಕೋನ್ ತಾನಾಗಿ ಜೋರಾಗಿ ಅದುರುವ ಒಂದು ತಗ್ಗು ಸ್ವರದಲ್ಲಿ ಅದು ಹಲವು ಪಟ್ಟು ಏರುತ್ತದೆ. ಮೇಲಿನ ಸ್ವರಗಳಲ್ಲಿ ಕಾಯಿಲ್‌ನ ಇಂಡಕ್ಟನ್ಸ್‌ನಿಂದ (ಕರೆಂಟಿನ ಬದಲಾವಣೆಗೆ ಸುರುಳಿ ಒಡ್ಡುವ ತಡೆ) ಮತ್ತೆ ಏರುತ್ತದೆ. ಆದ್ದರಿಂದ ಒಂದಿಷ್ಟು ಹೆಚ್ಚುಕಡಿಮೆಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ.

ಸ್ಪೀಕರ್ ತೆಗೆದೇಬಿಟ್ಟರೆ ಮಾತ್ರ ಕಥೆ ಬೇರೆ. ಆಗ ವಾಲ್ವ್‌ನ ಎದುರು ಹಿಡಿತವೇ ಇಲ್ಲ. ಸಿಗ್ನಲ್ ಜೋರಾದಾಗ ಕರೆಂಟ್ ತಟ್ಟನೆ ನಿಂತರೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ಕೂಡಿಟ್ಟ ಶಕ್ತಿಗೆ ಹೋಗಲು ದಾರಿಯಿಲ್ಲದೆ ಪ್ರೈಮರಿಯ ವೋಲ್ಟೇಜ್ ಸಾವಿರ ದಾಟಿ ಜಿಗಿಯಬಹುದು. ವಾಲ್ವ್ ಸಾಕೆಟ್‌ನ ಪಿನ್‌ಗಳ ನಡುವೆ ಕಿಡಿ ಹಾರುತ್ತದೆ. ಸುತ್ತುಗಳ ನಡುವಿನ ಇನ್ಸುಲೇಶನ್ ತೂತಾದರೆ ಟ್ರಾನ್ಸ್‌ಫಾರ್ಮರ್ ಹೊಸದಾಗಿ ಸುತ್ತಿಸಬೇಕು.

ಫೆಂಡರ್‌ನವರು ಇದಕ್ಕೆ ಒಳ್ಳೆಯ ಉಪಾಯ ಮಾಡಿದರು. ಅವರ ಹಲವು ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ಪ್ಲಗ್ ಕಿತ್ತ ಕೂಡಲೇ ಜಾಕ್ ಒಳಗಿನ ಲೋಹದ ಪಟ್ಟಿ ಸೆಕೆಂಡರಿಯನ್ನು ಶಾರ್ಟ್ ಮಾಡುತ್ತದೆ. ವಾಲ್ವ್ ಸ್ವಲ್ಪ ಹೊತ್ತು ಇದನ್ನು ತಡೆದುಕೊಳ್ಳುತ್ತದೆ. ರಕ್ಷಣೆ ಇಲ್ಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಹೀಗೆ ಶಾರ್ಟ್ ಮಾಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಟ್ಟುಹೋಗುತ್ತವೆ. ಆದರೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಸ್ಪೀಕರ್ ಇಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.