ಭಾರದ ಕರಿಕಲ್ಲು ಸಿಕ್ಕರೆ ಮೊದಲು ಒರೆಗೆ ಹಚ್ಚಿ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸೀಮೆಯಲ್ಲಿ ಹೊಲ ಉಳುವಾಗ ಮುಷ್ಟಿಗಾತ್ರದ ಕರಿಕಲ್ಲು ಏಳುತ್ತದೆ. ಗಾತ್ರಕ್ಕೆ ಮೀರಿದ ಭಾರ ಕಂಡು ಬಹಳ ಜನ ಅದನ್ನು ಉಲ್ಕೆ ಎಂದು ಎತ್ತಿಡುತ್ತಾರೆ. ಅಲ್ಲಿನ ನೆಲದಲ್ಲಿ ಕ್ರೋಮೈಟ್ ಎಂಬ ಕ್ರೋಮಿಯಂ ಅದಿರು ಇದೆ, ಬೈರಾಪುರದಲ್ಲಿ ಅದರ ಗಣಿಗಾರಿಕೆಯೇ ನಡೆದಿದೆ. ಮಗ್ಗುಲಲ್ಲೇ ಟೈಟೇನಿಯಂ ಬೆರೆತ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರೂ ಇದೆ. ಎರಡೂ ಕಪ್ಪು, ಎರಡೂ ಭಾರ. ಬರೀ ಕಣ್ಣಿಗೆ ಬೇರೆ ಮಾಡಲಾಗದು, ಪುಡಿಯ ಬಣ್ಣ ನೋಡಬೇಕು.

ಬಿಳಿ ಮೈಯ ಟೈಲ್ಸ್ ಚೂರೊಂದನ್ನು ಮಗುಚಿ, ಹೊಳಪಿಲ್ಲದ ಬೆನ್ನಿನ ಮೇಲೆ ಕಲ್ಲನ್ನು ಒತ್ತಿ ಒಂದಂಗುಲ ಎಳೆಯಿರಿ. ಕೆಂಪು ಬೆನ್ನಿನ ಟೈಲ್ಸ್ ಬೇಡ. ಗೆರೆ ಕಾಫಿಪುಡಿಯ ಕಂದಾದರೆ ಕ್ರೋಮೈಟ್, ಇದ್ದಿಲ ಕಪ್ಪಾದರೆ ಮ್ಯಾಗ್ನೆಟೈಟ್. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಕಡೆಯ ಹೆಮಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರು ಮೇಲ್ನೋಟಕ್ಕೆ ಉಕ್ಕಿನ ಬಣ್ಣ, ಗೆರೆ ಮಾತ್ರ ಒಣಗಿದ ರಕ್ತದ ಕೆಂಪು. ಕರಿ ಟೂರ್ಮಲಿನ್ ಎಂಬ ಖನಿಜದ ಗಡಸು, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ, 7ಕ್ಕೂ ಮೇಲೆ. ಅದು ಟೈಲ್ಸನ್ನೇ ಗೀರಿ ಬಿಳಿಪುಡಿ ಉದುರಿಸುತ್ತದೆ. ಅದರ ಮೈಮೇಲೆ ಉದ್ದುದ್ದ ಗೀರುಗಳಿರುವುದರಿಂದ ಗುರುತು ಸುಲಭ.

ಎಡವುವುದು ಎಲ್ಲಿ ಗೊತ್ತೇ? ಮಲೆನಾಡಿನ ಕಲ್ಲಿಗೆ ಜಂಬಿಟ್ಟಿಗೆ ಮಣ್ಣಿನ ತುಕ್ಕು ಅಂಟಿರುತ್ತದೆ. ಅದನ್ನು ಹಾಗೇ ಎಳೆದರೆ ಯಾವ ಕಲ್ಲಾದರೂ ಕೆಂಪು ಗೆರೆಯೇ ಬರುತ್ತದೆ! ಒಂದು ಮೂಲೆ ಒಡೆದು, ಬ್ರಷ್ಷಿನಲ್ಲಿ ತೊಳೆದು, ಒಣಗಿಸಿ, ಹೊಸ ಮೈಯಲ್ಲಿ ಎಳೆಯಿರಿ.

ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೂಗುಬಿಡಿ. ಮ್ಯಾಗ್ನೆಟೈಟ್ ದೂರದಿಂದಲೇ ಎಳೆಯುತ್ತದೆ, ಕ್ರೋಮೈಟ್ ಹತ್ತಿರ ಒಯ್ದರೂ ದಾರ ಅಲುಗಿದರೆ ಹೆಚ್ಚು. ಆದರೆ ಕ್ರೋಮೈಟ್‌ನೊಳಗೆ ಮ್ಯಾಗ್ನೆಟೈಟ್ ಎಳೆಗಳು ಹೊಕ್ಕಿರುವುದುಂಟು, ಅದರ ಸುತ್ತಲಿನ ಸರ್ಪೆಂಟೈನ್ ಎಂಬ ಹಸಿರುಗಪ್ಪು ಕಲ್ಲೂ ಅದೇ ಕಾರಣಕ್ಕೆ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಬರೀ ಅಯಸ್ಕಾಂತ ನಂಬಿ ಹೆಸರಿಡುವುದು ತಪ್ಪು.

ಕೊನೆಗೆ ಸಾಂದ್ರತೆ, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ; 92 ಗ್ರಾಂ ಬಂತೆನ್ನಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಕಲ್ಲನ್ನು ತೆಳು ದಾರದಲ್ಲಿ ಪೂರ್ತಿ ಮುಳುಗುವಂತೆ, ತಳ-ಬದಿ ತಾಕದಂತೆ ಇಳಿಬಿಡಿ. ಈಗ ತೋರುವುದು ಕಲ್ಲಿನಷ್ಟೇ ಗಾತ್ರದ ನೀರಿನ ತೂಕ. 20 ತೋರಿಸಿದರೆ 92 ಭಾಗಿಸು 20, ಅಂದರೆ 4.6. ಕ್ರೋಮೈಟ್ 4.5ರಿಂದ 4.8, ಮ್ಯಾಗ್ನೆಟೈಟ್ 5.2, ಟೂರ್ಮಲಿನ್ 3ರ ಆಸುಪಾಸು. ಕಲ್ಲು ತಳ ಮುಟ್ಟಿದರೆ ಲೆಕ್ಕ ಕೆಟ್ಟಿತು. ಬಿರುಕಿನಲ್ಲಿ ಗಾಳಿಗುಳ್ಳೆ ಉಳಿದರೂ ಅಷ್ಟೇ. 3.6 ಥರದ ನಡುವಿನ ಅಂಕಿ ಬಂದರೆ ಬಹುಪಾಲು ಅದು ಹಗುರ ಸರ್ಪೆಂಟೈನ್ ಬೆರೆತ ತುಂಡು. ಕರಿಭಾಗವನ್ನಷ್ಟೇ ಬಿಡಿಸಿ ಮತ್ತೆ ತೂಗಿ.

ಮೈತುಂಬ ಗುಳ್ಳೆತೂತು ಇದ್ದರೆ ಹಳೆಯ ಕಬ್ಬಿಣದ ಕುಲುಮೆಯ ಕಿಟ್ಟ ಇರಬಹುದು. ಉಲ್ಕೆಯಲ್ಲಿ ಹಾಗೆ ತೂತುಗಳು ಇರುವುದು ತೀರಾ ಅಪರೂಪ.

ಹೊಳೆನರಸೀಪುರ ಕಡೆಯ ಹಸಿರುಗಪ್ಪು ಸರ್ಪೆಂಟೈನ್‌ನಲ್ಲಿ ರೇಷ್ಮೆಯೆಳೆಯಂತೆ ನಾರು ಕಂಡರೆ ಸುತ್ತಿಗೆ ಕೆಳಗಿಡಿ. ಅದು ಕಲ್ನಾರು, ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳಿಂದ ಕಲ್ಲು ತರುವಂತಿಲ್ಲ. ಸ್ವಂತ ಹೊಲದ್ದಾದರೆ ಸಿಕ್ಕ ಜಾಗ, ಆಳ, ಗೆರೆಯ ಬಣ್ಣ, ಎರಡೂ ತೂಕ ಬರೆದ ಚೀಟಿಯನ್ನು ಕಲ್ಲಿನ ಜೊತೆಗೇ ಕಟ್ಟಿಡಿ. ಭೂವಿಜ್ಞಾನ ವಿಭಾಗದವರಿಗೆ ತೋರಿಸುವಾಗ ಅವರು ಮೊದಲು ಕೇಳುವುದೇ ಅದನ್ನು.