ಕಾಂತಾರದ ಕೂಗು, ಪಾಡ್ದನದ ಪ್ರಶ್ನೆ

2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ದ ಕೊನೆಯ ದೃಶ್ಯಗಳು ಚಿತ್ರಮಂದಿರಗಳನ್ನೇ ಹಿಡಿದು ಅಲ್ಲಾಡಿಸಿದವು. ಮೊದಲು ಗುಳಿಗ ದೈವದ ಅಬ್ಬರ, ಆಮೇಲೆ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಎದೆಗೊತ್ತಿಕೊಳ್ಳುವ ಪಂಜುರ್ಲಿ ದೈವದ ಮೌನ. ಮೈ ಜುಮ್ಮೆಂದದ್ದು ಸುಳ್ಳಲ್ಲ, ಅದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಆದರೆ ಸಿನಿಮಾ ಎರವಲು ಪಡೆದ ಭೂತಾರಾಧನೆ, ಅಂದರೆ ದೈವಗಳ ಪೂಜೆ, ತುಳುನಾಡಿನಲ್ಲಿ ಮೊದಲಿನಿಂದಲೂ ನ್ಯಾಯ ಕೇಳುವ ಜಾಗವಾಗಿತ್ತು. ಹಾಗಾಗಿ ಈ ಚಿತ್ರವನ್ನು ಪ್ರಶ್ನೆಗಳೊಂದಿಗೆ ನೋಡಿದರೆ ಅದರ ಸವಿ ಕೆಡುವುದಿಲ್ಲ. ಪ್ರಶ್ನಿಸುವುದು ಪಾಡ್ದನಗಳದೇ ರೀತಿ.

ಪಾಡ್ದನ ಎಂದರೆ ದೈವದ ಹುಟ್ಟು, ಪ್ರಸರಣದ ಕಥೆಯನ್ನು ಹೇಳುವ ತುಳು ಹಾಡು. ದೈವಕ್ಕೆ ನಡೆಸುವ ನರ್ತನಸೇವೆಯಾದ ಕೋಲದ ರಾತ್ರಿ ದೈವ ಕಟ್ಟುವವರು ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಪಡೆದು, ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿಕೊಂಡು, ಸೊಂಟಕ್ಕೆ ತೆಂಗಿನ ಎಳೆಗರಿಯ ತಿರಿ ಕಟ್ಟಿಕೊಳ್ಳುವ ಹೊತ್ತಿನಲ್ಲಿ ಅವರ ಮನೆಯ ಹೆಂಗಸರು ತೆಂಬರೆ ಎಂಬ ಚಿಕ್ಕ ಚರ್ಮವಾದ್ಯ ಬಾರಿಸುತ್ತ ಅದನ್ನು ಹಾಡುತ್ತಾರೆ. ಕಾಲಿಗೆ ಗಗ್ಗರವೆಂಬ ಗೆಜ್ಜೆಬಳೆ ಬಿಗಿದು ಬೆನ್ನಿಗೆ ಅಣಿ ಎಂಬ ಪ್ರಭಾವಳಿ ಏರಿಸುವುದು ಆಮೇಲಿನ ಮಾತು.

ದೈವಗಳಲ್ಲಿ ಎರಡು ಬಗೆಯ ಹುಟ್ಟುಗಳಿವೆ. ಪಂಜುರ್ಲಿ, ಗುಳಿಗನಂಥವರು ಪುರಾಣಮೂಲದವರು. ಇನ್ನು ಕೆಲವರು ಅನ್ಯಾಯಕ್ಕೆ ಸಿಕ್ಕಿ ‘ಮಾಯ’ವಾದ ಮನುಷ್ಯರು. ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನನ್ನು ಕೆತ್ತಿದ ಕಲ್ಕುಡನಿಗೆ ಅರಸು ಕೊಟ್ಟ ಉಡುಗೊರೆ ಏನು? ಇಂಥದ್ದನ್ನು ಬೇರೆಲ್ಲೂ ಕೆತ್ತಬಾರದೆಂದು ಅವನ ಒಂದು ಕೈ, ಒಂದು ಕಾಲು ಕಡಿಸಿದ ಎನ್ನುತ್ತದೆ ಪಾಡ್ದನ. ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸುಮನೆಯನ್ನು ಕಾಡಿದರು. ಅವಳಿ ವೀರರಾದ ಕೋಟಿ-ಚೆನ್ನಯರ ಜಗಳ ಗದ್ದೆಯ ನೀರಿನಿಂದ ಹತ್ತಿಕೊಂಡದ್ದು. ಬೈದ್ಯೆದಿಯೊಬ್ಬಳ (ಬಿಲ್ಲವ ಹೆಂಗಸಿನ) ಆಸರೆಯಲ್ಲಿ ಬೆಳೆದ ಕೊರಗ ಸಮುದಾಯದ ತನಿಯ ಏಳು ಜನರ ಹೊರೆಯನ್ನು ಒಬ್ಬನೇ ದೇವಸ್ಥಾನಕ್ಕೆ ಹೊತ್ತು ತಂದರೂ ಒಳಗೆ ಕಾಲಿಡುವಂತಿರಲಿಲ್ಲ. ಅಲ್ಲೇ ಮಾಯವಾದ. ಇಂದು ಅವನೇ ಕೊರಗಜ್ಜ.

ಬಾಸೆಲ್ ಮಿಷನ್ನಿನ ಪಾದ್ರಿ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದ. ಅಧಿಕಾರಿ ಬರ್ನೆಲ್ ಸಂಗ್ರಹಿಸಿದ್ದು ಅವನ ಸಾವಿನ ನಂತರ ‘ತುಳುವರ ಪಿಶಾಚಾರಾಧನೆ’ ಎಂಬರ್ಥದ ಹೆಸರಿನಲ್ಲಿ ಪ್ರಕಟವಾಯಿತು. ಆ ‘ಪಿಶಾಚ’ದ ಹಣೆಪಟ್ಟಿ ಕಳಚಲು ಅಮೃತ ಸೋಮೇಶ್ವರ, ವಿವೇಕ ರೈ, ಚಿನ್ನಪ್ಪ ಗೌಡರಂಥ ಜಾನಪದ ವಿದ್ವಾಂಸರ ದಶಕಗಳ ಕೆಲಸ ಬೇಕಾಯಿತು.

ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು, ಪರಿಶಿಷ್ಟ ಜಾತಿಗಳವರು. ಕೋಲ ನಡೆಸುವ ಗುತ್ತು-ಬರ್ಕೆಗಳು ಬಹುಪಾಲು ಭೂಮಿಯುಳ್ಳ ಜಾತಿಗಳ ಮನೆತನಗಳು. ಮೈಮೇಲೆ ದೈವ ಇರುವಷ್ಟು ಹೊತ್ತು ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ, ಬೈಸಿಕೊಳ್ಳುತ್ತಾನೆ, ಮಾತು ಕೊಡುತ್ತಾನೆ. ಬೆಳಿಗ್ಗೆ ಗಗ್ಗರ ಬಿಚ್ಚಿದ ಮೇಲೆ ಅದೇ ಕಲಾವಿದ ಅಂಗಳದ ಆಚೆ. ಪಾಡ್ದನದೊಳಗಿನ ನ್ಯಾಯ ಹಗಲಿನ ಬದುಕಿಗೆ ದಾಟಲಿಲ್ಲ, ಕನ್ನಡ ಸಿನಿಮಾ ಈ ಕರಾವಳಿಯತ್ತ ತಿರುಗಿದಾಗಲೆಲ್ಲ ಎದುರಾದದ್ದು ಈ ಬಿರುಕೇ.

ಮೊದಲು ಗಟ್ಟಿಯಾಗಿ ಎದುರಾದದ್ದು ‘ಚೋಮನ ದುಡಿ’ಯಲ್ಲಿ. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಸ್ವಂತಕ್ಕೆ ತುಂಡು ಗದ್ದೆ ಉಳಬೇಕೆಂಬ ಚೋಮನ ಆಸೆಗೆ ಜಾತಿಯೇ ಅಡ್ಡಿ. ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ಬರುವ ಹೊತ್ತಿಗೆ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಲ್ಲಿತ್ತು, ನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಸಾಲು ನಿಂತಿದ್ದರು. ಅದು ಗೇಣಿಗೆ ಉಳುತ್ತಿದ್ದವರಿಗೆ ಭೂಮಿ ಕೊಟ್ಟಿತು. ಗೇಣಿಯೂ ಸಿಗದೆ ಚಾಕರಿ ಮಾಡುತ್ತಿದ್ದ ಚೋಮನಂಥವರಿಗೆ ಆ ಕಾನೂನಿನಲ್ಲಿ ದಕ್ಕಿದ್ದು ಕಡಿಮೆ. ಈ ವ್ಯತ್ಯಾಸ ತಿಳಿದವರಿಗೆ ಆ ದುಡಿಯ ಸದ್ದು ಬೇರೆಯೇ ಕೇಳಿಸುತ್ತದೆ.

ಕೊರಗರ ಪಾಡು ಇನ್ನೂ ಕಠೋರ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು, ಬಿಟ್ಟಿಯಾಗಿ ಡೋಲು ಹೊಡೆಸುವುದು, ಕಂಬಳದ ಕೋಣಗಳ ಮುಂದೆ ಓಡಿಸುವುದು ‘ಅಜಲು’ ಎಂಬ ಹೆಸರಿನಲ್ಲಿ ನಡೆಯುತ್ತಿತ್ತು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ, ಶೇಂದಿ ಹರಕೆ ಹೊರುವ ಊರಿನಲ್ಲೇ ಅವನ ಕುಲದವರಿಗೆ ಈ ಗತಿ ಬಂದಿತ್ತು. ಮೈಗೆ ಮಸಿ ಬಳಿದು ಕುಣಿಯುವ ‘ಕೊರಗ ವೇಷ’ವನ್ನು ಆ ಸಮುದಾಯ ವಿರೋಧಿಸುತ್ತಲೇ ಬಂದಿದೆ. 2022ರ ಜನವರಿಯಲ್ಲಿ ವಿಟ್ಲದ ಬಳಿಯ ಮದುವೆಯೊಂದರಲ್ಲಿ ವರನೇ ಕೊರಗಜ್ಜನನ್ನು ಹೋಲುವ ವೇಷ ಹಾಕಿ ಬಂದಾಗ ಪೊಲೀಸ್ ಪ್ರಕರಣವಾಯಿತು. ಮೈಬಣ್ಣವನ್ನೇ ತಮಾಷೆಯ ಸರಕಾಗಿಸುವ ಸಿನಿಮಾದ ಹಾಸ್ಯದೃಶ್ಯಕ್ಕೂ ಆ ಮಸಿಗೂ ಇರುವ ನಂಟು ಗುರುತಿಸಿದರೆ, ಕೆಲವು ನಗು ಗಂಟಲಲ್ಲೇ ನಿಲ್ಲುತ್ತದೆ. ನಿಲ್ಲಲಿ.

ಈಗ ‘ಕಾಂತಾರ’ಕ್ಕೆ ಮರಳೋಣ. ಅದು ಆರಿಸಿಕೊಂಡದ್ದು ಪುರಾಣಮೂಲದ ದೈವಗಳನ್ನು, ಕಲ್ಕುಡನನ್ನಲ್ಲ, ತನಿಯನನ್ನಲ್ಲ. ಅಬ್ಬರ ಹೆಚ್ಚಿತು, ‘ಇವನನ್ನು ಕೊಂದವರು ಯಾರು’ ಎಂಬ ಪ್ರಶ್ನೆ ಹಿಂದೆ ಸರಿಯಿತು. ಧಣಿಯೊಬ್ಬ ಸತ್ತೊಡನೆ ಅನ್ಯಾಯ ಮುಗಿಯುತ್ತದೆ, ಧಣಿತನದ ಏರ್ಪಾಡು ಹಾಗೇ ಉಳಿಯುತ್ತದೆ. ನಾಯಕಿಯ ಸೊಂಟ ಚಿವುಟುವುದು ಪ್ರೀತಿಯ ಮೊದಲ ಹೆಜ್ಜೆಯಾಗುತ್ತದೆ. ಅರಣ್ಯರಕ್ಷಕಿಯ ಸಮವಸ್ತ್ರ ತೊಟ್ಟು ಊರಿಗೂ ಇಲಾಖೆಗೂ ನಡುವೆ ನಿಂತ ಅವಳ ಕಥೆಯೇ ಚಿತ್ರದಲ್ಲಿ ಅತಿ ಗಟ್ಟಿಯಾದದ್ದು. ಅದನ್ನು ಅರ್ಧಕ್ಕೆ ಕೈಬಿಟ್ಟದ್ದು ದೊಡ್ಡ ನಷ್ಟ. ಹಾಗೆಂದು ಈ ಚಿತ್ರದಿಂದ ಏನೂ ಒಳಿತಾಗಲಿಲ್ಲ ಎನ್ನಲಾಗದು. ತೆರೆಕಂಡ ತಿಂಗಳೊಳಗೆ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು.

ಅರಣ್ಯದ ಪ್ರಶ್ನೆಯನ್ನು ಚಿತ್ರ ಅಪ್ಪುಗೆಯಲ್ಲಿ ಮುಗಿಸುತ್ತದೆ. ಕಥೆ ನಡೆಯುವುದು 1990ರಲ್ಲಿ, ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಕುದುರೆಮುಖದ ಒಳಗೂ ಅಂಚಿಗೂ ಇರುವ ಮಲೆಕುಡಿಯರಂಥ ಬುಡಕಟ್ಟಿನವರಿಗೆ ಆಧಾರ ಈ ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ನೆಲದಲ್ಲಿ ಬದುಕುತ್ತಿರುವ ಪರಿಶಿಷ್ಟ ಪಂಗಡದ ಕುಟುಂಬ, ತಾನು ಉಳುತ್ತಿರುವಷ್ಟು, ಹೆಚ್ಚೆಂದರೆ 4 ಹೆಕ್ಟೇರಿಗೆ ಹಕ್ಕು ಕೇಳಬಹುದು. ಇತರರಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ಅರ್ಜಿ ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ. ಅರ್ಜಿಗಳು ಎಡವುವುದು ಬಹುಪಾಲು ಈ 75 ವರ್ಷದ ದಾಖಲೆಯಲ್ಲಿ. ಅಷ್ಟು ಹಳೆಯ ಕಾಗದ ಕಾಡಿನ ಮನೆಯಲ್ಲಿ ಎಲ್ಲಿಂದ ಬರಬೇಕು?

ಆದರೆ ನಿಯಮ ಕಾಗದವನ್ನಷ್ಟೇ ಕೇಳುವುದಿಲ್ಲ. ಆ ಕಾಯ್ದೆಯಡಿಯ 13ನೇ ನಿಯಮದ ಪ್ರಕಾರ ಅರ್ಜಿದಾರರಲ್ಲದ ಊರ ಹಿರಿಯರ ಮಾತನ್ನು ಬರೆದುಕೊಂಡು ಸಾಕ್ಷ್ಯವಾಗಿ ಕೊಡಬಹುದು. ಹಳೆಯ ಬಾವಿ, ಸಮಾಧಿ, ಪವಿತ್ರ ಸ್ಥಳಗಳೂ ಸಾಕ್ಷ್ಯವೇ. ಇಂಥ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಎಂದರೆ ಊರ ದೈವದ ಬನ, ಗುಳಿಗನ ಕಲ್ಲು, ಅದರ ಜೊತೆಗೆ ಅಲ್ಲಿ ಯಾರು ಎಷ್ಟು ತಲೆಮಾರಿನಿಂದ ಕೋಲ ಕಟ್ಟುತ್ತ ಬಂದಿದ್ದಾರೆಂದು ಹೇಳಬಲ್ಲ ಅಜ್ಜಿಯೊಬ್ಬಳ ಮಾತು, ಎಲ್ಲವನ್ನೂ ಗ್ರಾಮಸಭೆಯ ಮುಂದಿಡಬಹುದು.

ಚಿತ್ರ ನೋಡಿ ಕೋಲ ನೋಡುವ ಮನಸ್ಸಾದವರು ದೀಪಾವಳಿ ಕಳೆದ ಮೇಲೆ, ಕೋಲಗಳು ನಿಲ್ಲುವ ದಿನವಾದ ಮೇ ಕೊನೆಯ ಪತ್ತನಾಜೆಯೊಳಗೆ ಹೋಗಬೇಕು. ವಿಡಿಯೊ ಮಾಡಬಾರದೆಂಬ ಫಲಕ ಹಲವೆಡೆ ಇರುತ್ತದೆ. ಇಲ್ಲದಿದ್ದರೂ ಕೇಳದೆ ಮೊಬೈಲ್ ಎತ್ತಬಾರದು. ಶಿಳ್ಳೆ, ಸಿನಿಮಾದ ಕೂಗಿನ ಅನುಕರಣೆ ಬೇಡವೇ ಬೇಡ. ಜನ ಸೇರುವ ಮೊದಲೇ ಹೋಗಿ, ಒಪ್ಪಿಗೆ ಪಡೆದು ಬಣ್ಣ ಹಚ್ಚುವ ಜಾಗದ ಬಳಿ ಕೂತರೆ, ತೆಂಬರೆಯ ಜೊತೆ ಪಾಡ್ದನ ಅಲ್ಲಿ ಪೂರ್ತಿ ಕೇಳಸಿಗುತ್ತದೆ.