ವಿಶ್ವಾಸ: ಕೆಲಸದ ಜಾಗದಲ್ಲಿ ಒಂದು ಪದ

ಮುಂಬಯಿಯ ಕನ್ನಡಿಗರ ಕಿವಿಗೆ ‘ವಿಶ್ವಾಸ’ ಎಂಬ ಪದ ದಿನವೂ ಎರಡು ಭಾಷೆಗಳಲ್ಲಿ ಬೀಳುತ್ತದೆ. ಮರಾಠಿಯಲ್ಲಿ ಅದಕ್ಕೆ ನಂಬಿಕೆ ಎಂದರ್ಥ; ಕನ್ನಡದಲ್ಲಿ ನಂಬಿಕೆಯ ಜೊತೆಗೆ ಅಕ್ಕರೆಯೂ ಕೂಡಿದೆ, ‘ಪ್ರೀತಿ ವಿಶ್ವಾಸ ಇರಲಿ’ ಎಂದು ನಾವು ಬೀಳ್ಕೊಡುವುದು ಅದಕ್ಕೇ. ಕೆಲಸದ ಜಾಗಕ್ಕೆ ಕನ್ನಡದ ಅರ್ಥವೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಎದುರಿನವರ ನಡತೆ ನಮ್ಮ ಹತೋಟಿಯಲ್ಲಿಲ್ಲವೆಂದು ಗೊತ್ತಿದ್ದೂ, ನಷ್ಟವಾಗಬಹುದೆಂಬುದನ್ನು ಒಪ್ಪಿಕೊಂಡೇ ಅವರಿಗೆ ಏನನ್ನಾದರೂ ವಹಿಸಿಕೊಡುವುದು ವಿಶ್ವಾಸ. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮಾಲಕರು ಊಟಕ್ಕೆ ಹೊರಟಾಗ ಗಲ್ಲಾದ ಕೀಲಿಕೈಯನ್ನು ಸಪ್ಲೈಯರ್ ಹುಡುಗನ ಅಂಗೈಗೆ ಹಾಕಿ, ಹಣ ಎಣಿಸದೆ ನಡೆದದ್ದನ್ನು ಕಂಡಿದ್ದೇನೆ. ಹುಡುಗ ಒದ್ದೆ ಕೈಯನ್ನು ಎರಡು ಸಲ ಒರೆಸಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತ.

ಇಂಥ ಗಳಿಗೆಯಲ್ಲಿ ಮೆದುಳಿನೊಳಗೆ ಏನಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಮೊದಲು ಹೇಳುವ ಹೆಸರು ಆಕ್ಸಿಟೋಸಿನ್. ಮೆದುಳಿನ ತಳದ ಹೈಪೋಥಲಾಮಸ್ ಎಂಬ ಭಾಗದಲ್ಲಿ ಹುಟ್ಟುವ, ಒಂಬತ್ತು ಅಮೈನೋ ಆಮ್ಲಗಳ ಈ ಪುಟ್ಟ ಹಾರ್ಮೋನು ಹೆರಿಗೆಗೂ ಎದೆಹಾಲು ಇಳಿಯುವುದಕ್ಕೂ ಬೇಕು. 2005ರಲ್ಲಿ ಜ್ಯೂರಿಕ್‌ನ ಸಂಶೋಧಕರು ಇದನ್ನು ಮೂಗಿಗೆ ಸಿಂಪಡಿಸಿ ಹಣದ ಆಟವೊಂದನ್ನು ಆಡಿಸಿದಾಗ, ಸಿಂಪಡಿಸಿಕೊಂಡವರು ಅಪರಿಚಿತರಿಗೆ ಹೆಚ್ಚು ಹಣ ವಹಿಸಿಕೊಟ್ಟರು. ಆದರೆ ಮೊದಲ ತಂಡದ ಅರ್ನ್ಸ್ಟ್ ಫೆರ್ ಅವರೂ ಸೇರಿ 2020ರಲ್ಲಿ ಪ್ರಕಟಿಸಿದ ದೊಡ್ಡ ಮರುಪ್ರಯೋಗದಲ್ಲಿ ಒಟ್ಟಾರೆ ಆ ಪರಿಣಾಮ ಕಾಣಲಿಲ್ಲ. ಆದ್ದರಿಂದ ಅದನ್ನು ‘ನಂಬಿಕೆಯ ಹಾರ್ಮೋನು’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ವಿಶ್ವಾಸವಿಲ್ಲದ ಕಡೆ ಹುಟ್ಟುವ ಭಯದ ಬಗ್ಗೆ ಇದಕ್ಕಿಂತ ಗಟ್ಟಿಯಾಗಿ ಹೇಳಬಹುದು. ಬೈಗುಳ ಯಾವಾಗ ಬೀಳುವುದೋ ಎಂದು ಕಾಯುವವನ ಅಮಿಗ್ಡಲಾ, ಅಂದರೆ ಅಪಾಯವನ್ನು ಗುರುತಿಸುವ ಮೆದುಳಿನ ಭಾಗ, ಸದಾ ಎಚ್ಚರವಾಗಿರುತ್ತದೆ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ; ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್, ಅಂದರೆ ಲೆಕ್ಕ ಹಿಡಿಯುವ, ಯೋಚಿಸಿ ನಿರ್ಧರಿಸುವ ಭಾಗ, ತೀವ್ರ ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಈ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ನಿದ್ದೆಯೂ ಆರೋಗ್ಯವೂ ಕೆಡುತ್ತವೆ.

ಈ ಭಯವಿಲ್ಲದ ವಾತಾವರಣವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1999ರ ಪ್ರಬಂಧದಲ್ಲಿ ‘ಮಾನಸಿಕ ಸುರಕ್ಷತೆ’ ಎಂಬ ಅರ್ಥದ ಪದದಿಂದ ಗುರುತಿಸಿದರು. ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಅವಮಾನವಾಗದು ಎಂಬ ಧೈರ್ಯವಿರುವ ತಂಡಗಳು ಹೆಚ್ಚು ಕಲಿಯುತ್ತವೆ ಎಂಬುದನ್ನು ಅವರು ಒಂದು ಕಾರ್ಖಾನೆ ಕಂಪನಿಯ ತಂಡಗಳಲ್ಲಿ ತೋರಿಸಿದರು.

ಮಾಟುಂಗದಲ್ಲಿ ಅಂದು ಮಾಲಕರು ತಿರುಗಿ ಬಂದಾಗ, ಅವರು ಕೇಳುವ ಮೊದಲೇ ಹುಡುಗ ಎದ್ದು ನಿಂತು, ‘ಐವತ್ತು ರೂಪಾಯಿ ಕಡಿಮೆ ಬರ್ತದೆ, ಧಣಿ’ ಎಂದ.

‘ಕೂತ್ಕೊ ಮಾರಾಯ, ಬಿಲ್ ನೋಡುವ’ ಎಂದರು ಅವರು.